ರೇಷ್ಮೆ ಸೀರೆ: ಮೈಸೂರಿನ ಕಾರ್ಖಾನೆ ಮಳಿಗೆಯೋ, ಕಂಚಿಯ ಗಾಂಧಿ ರಸ್ತೆಯೋ?

ಮೈಸೂರಿನಲ್ಲಿ ಸೀರೆ ಕೊಳ್ಳಲು ಪರಿಣತಿ ಬೇಕಿಲ್ಲ, ಸರಿಯಾದ ಮಳಿಗೆ ಗೊತ್ತಿದ್ದರೆ ಸಾಕು. ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆ 1912ರದು. ಅಲ್ಲಿನ ಕೆಎಸ್‌ಐಸಿ (ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ) ಮಳಿಗೆಯಲ್ಲಿ ಚೌಕಾಸಿ ಇಲ್ಲ, ದರ ನಿಗದಿ. ನಿಗಮದ ಲೆಕ್ಕದಲ್ಲಿ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ. ಸೀರೆಗೊಂದು ಗುರುತಿನ ಸಂಖ್ಯೆ, ಹೊಲೊಗ್ರಾಂ ಇರುತ್ತದೆ. ಬೇಡಿಕೆಯಷ್ಟು ಸೀರೆ ಬರುವುದಿಲ್ಲ ಎನ್ನುವುದೇ ತೊಡಕು. ಹಬ್ಬ, ಮದುವೆಗಳ ಕಾಲದಲ್ಲಿ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಮಧ್ಯಾಹ್ನಕ್ಕೆ ಒಳ್ಳೆಯ ಬಣ್ಣಗಳು ಉಳಿದಿರುವುದಿಲ್ಲ. ಪೇಟೆಯಲ್ಲಿ ‘ಮೈಸೂರು ಸಿಲ್ಕ್’ ಎಂದು ಎರಡು ಸಾವಿರಕ್ಕೆ ಕೊಡುವುದನ್ನು ನಂಬಬೇಡಿ, ಆ ದರಕ್ಕೆ ಅಸಲಿ ಜರಿ ಬರುವುದಿಲ್ಲ.

ಕಂಚಿಯಲ್ಲಿ ಆಯ್ಕೆ ಅಪಾರ, ಜವಾಬ್ದಾರಿ ಪೂರ್ತಿ ನಿಮ್ಮದೇ. ದೇವಸ್ಥಾನದ ಬಳಿ ಆಟೋದವರು ತೋರಿಸುವ ಅಂಗಡಿಗೆ ಹೋದರೆ ಅವರ ಕಮಿಷನ್ನೂ ಸೀರೆಯ ಬೆಲೆಯಲ್ಲೇ ಸೇರಿರುತ್ತದೆ. ಮೊದಲು ನೇಕಾರರ ಸಹಕಾರ ಸಂಘದ ಮಳಿಗೆಗೆ ಹೋಗಿ ದರ ತಿಳಿದುಕೊಂಡು, ಆಮೇಲೆ ಗಾಂಧಿ ರಸ್ತೆಯ ಅಂಗಡಿಗಳಿಗೆ ಹೋಗಿ.

ಅಂಚು ಬೇರೆ ಬಣ್ಣದ ಸೀರೆಯಾದರೆ ಹಿಂಬದಿ ತಿರುವಿ ನೋಡಿ. ಒಡಲು, ಅಂಚುಗಳನ್ನು ಬೇರೆ ಬೇರೆ ಲಾಳಿಯಿಂದ ನೇಯ್ದು ಬೆಸೆಯುವ ಕೋರ್ವೈ ನೇಯ್ಗೆಯಲ್ಲಿ ಮೂರು ಲಾಳಿ ಓಡುತ್ತವೆ. ಒಡಲಿನ ಹೊಕ್ಕು ನೂಲು ಅಂಚಿನ ನೂಲಿಗೆ ಸಿಕ್ಕಿಕೊಂಡು ತಿರುಗುವ ಜಾಗ ಸೀರೆಯುದ್ದಕ್ಕೂ ಕಾಣುತ್ತದೆ, ಎಳೆದರೂ ಬಿಡುವುದಿಲ್ಲ. ಇದಕ್ಕೆ ಸಾಮಾನ್ಯವಾಗಿ ಮಗ್ಗದಲ್ಲಿ ಇಬ್ಬರು ಬೇಕು, ಬೆಲೆ ಏರುವುದೂ ಅದರಿಂದಲೇ. ಒಂದೇ ಲಾಳಿಯಲ್ಲಿ ನೇಯ್ದದ್ದಕ್ಕೆ ಕೋರ್ವೈ ಬೆಲೆ ಕೊಡಬೇಡಿ. ಸೆರಗಿನ ತುದಿಯಲ್ಲಿ ಸಡಿಲವಾಗಿರುವ ಜರಿ ಎಳೆಯನ್ನು ಉಗುರಿನಿಂದ ಕೆರೆದರೆ ಒಳಗೆ ಕೆಂಪು ರೇಷ್ಮೆ ಎಳೆ ಕಾಣಬೇಕು. ಬಿಳಿ ಅಥವಾ ಹಳದಿ ನೂಲು ಕಂಡರೆ ಅದು ಹಾಫ್‌ಫೈನ್ ಅಥವಾ ಟೆಸ್ಟೆಡ್ ಜರಿ, ಅಂದರೆ ತಾಮ್ರದ ತಂತಿಯ ಅಗ್ಗದ ಜರಿ ಇರಬಹುದು. ಹಾಗಂತ ಬೇಡವೆನ್ನಬೇಕಿಲ್ಲ, ಬೆಲೆ ಇಳಿಯಬೇಕು ಅಷ್ಟೆ. ಸಿಲ್ಕ್ ಮಾರ್ಕ್ ಚೀಟಿ ರೇಷ್ಮೆಗೆ ಮಾತ್ರ ಸಾಕ್ಷಿ, ಜರಿಗಲ್ಲ; ಬಹಳ ಜನ ಎಡವುವುದು ಇಲ್ಲೇ.

ನಿತ್ಯದ ಸಮಾರಂಭಗಳಿಗೆ, ಉಡುಗೊರೆಗೆ ಮೈಸೂರೇ ಮೇಲು: ಹುರಿ ಕೊಟ್ಟ ನೂಲಿನ ಕ್ರೇಪ್ ಹಗುರ, ನೆರಿಗೆ ಚೆನ್ನಾಗಿ ಕೂರುತ್ತದೆ. ಧಾರೆ ಸೀರೆಗೆ ಕಂಚಿಗೇ ಹೋಗಿ. ಅಲ್ಲಿಯ ನೂಲಿನ ದೊಡ್ಡ ಪಾಲು ನಮ್ಮ ಕರ್ನಾಟಕದ್ದೇ ಆದರೂ ಅಂಥ ಗಟ್ಟಿ ಒಡಲು, ತುಂಬಿದ ಅಂಚು ಮೈಸೂರಿನಲ್ಲಿ ಸಿಗದು. ಬಿಲ್ಲಿನಲ್ಲಿ ‘ಕೈಮಗ್ಗ’ ಎಂದೂ ಜರಿ ಯಾವ ಬಗೆಯದೆಂದೂ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಪಕ್ಕದ ಅಂಗಡಿಗೆ ನಡೆಯಿರಿ.