ಹಾನ್ಲೆಯಲ್ಲಿ ಅರೋರಾ ರಾತ್ರಿ: ಹೋಮ್‌ಸ್ಟೇ ಹೇಗಿತ್ತು, ಆಕಾಶ ತೋರಿಸಿದವರು ಹೇಗಿದ್ದರು

ಮೊದಲು ಅಂಕ ಕೊಟ್ಟುಬಿಡುತ್ತೇನೆ. ಲಡಾಖ್‌ನ ಹಾನ್ಲೆಯಲ್ಲಿ ನಾನು ಮತ್ತು ನನ್ನ ತಮ್ಮ ಉಳಿದುಕೊಂಡ ಹೋಮ್‌ಸ್ಟೇಗೆ ಐದಕ್ಕೆ ನಾಲ್ಕು. ರಾತ್ರಿ ಆಕಾಶ ತೋರಿಸಿದ ಆ ಊರಿನ ಹುಡುಗಿಗೆ ಐದಕ್ಕೆ ಐದು. ಲೇಹ್‌ನಲ್ಲಿ ನಮಗೆ 'ಅರೋರಾ ಪ್ಯಾಕೇಜ್' ಮಾರಲು ಬಂದ ಟ್ರಾವೆಲ್ಸ್‌ನವರಿಗೆ ಒಂದು ಅಂಕವನ್ನೂ ಕೊಡುವುದಿಲ್ಲ. ಗ್ಯಾರಂಟಿ ಕಾಣಿಸುತ್ತದೆ ಎಂದು ಹೇಳಿ ದುಡ್ಡು ಕೇಳಿದರು. ಅರೋರಾ ಅಂದರೆ ಸೂರ್ಯನಿಂದ ಬಂದ ಕಣಗಳಿಂದ ರಾತ್ರಿ ಆಕಾಶ ಬಣ್ಣದಲ್ಲಿ ಹೊಳೆಯುವುದು. ಅದಕ್ಕೆ ಸೂರ್ಯನಲ್ಲಿ ದೊಡ್ಡ ಸ್ಫೋಟ ಆಗಬೇಕು, ಹೊರಬಿದ್ದ ಕಣಗಳು ಭೂಮಿಯ ಕಡೆಗೇ ಬರಬೇಕು, ಆ ರಾತ್ರಿ ಮೋಡ ಇರಬಾರದು. ಇದಕ್ಕೆಲ್ಲ ಯಾರು ಗ್ಯಾರಂಟಿ ಕೊಡಲು ಸಾಧ್ಯ?

ನಾನು ಹೊಸಕೋಟೆಯವಳು. ಹಾನ್ಲೆಯ ಬೆಟ್ಟದ ಮೇಲೆ, ಸುಮಾರು 4,500 ಮೀಟರ್ ಎತ್ತರದಲ್ಲಿರುವ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನು ನಡೆಸುವುದು ನಮ್ಮೂರ ಹತ್ತಿರದ ಕೇಂದ್ರದಿಂದ. ಭಾರತೀಯ ಖಭೌತ ಸಂಸ್ಥೆಯವರು ಇಲ್ಲಿ ಕೂತು ಉಪಗ್ರಹದ ಮೂಲಕ ಅಲ್ಲಿಯ ಟೆಲಿಸ್ಕೋಪನ್ನು ತಿರುಗಿಸುತ್ತಾರೆ. ಚಿಕ್ಕಂದಿನಿಂದ ಕೇಳಿದ ಹೆಸರು ಅದು. 2024ರ ಮೇ 10ರ ರಾತ್ರಿ ಅದೇ ಹಾನ್ಲೆಯ ಆಕಾಶ ಕೆಂಪಾದ ಫೋಟೋ ಎಲ್ಲೆಡೆ ಬಂತಲ್ವಾ, ಆಗಲೇ ಹೋಗಬೇಕು ಅಂತ ತೀರ್ಮಾನ ಮಾಡಿದೆ. ಅಕ್ಟೋಬರ್‌ನಲ್ಲಿ ಹೊರಟೆವು.

ಲೇಹ್‌ನಿಂದ ಉಪ್ಶಿ, ಚುಮಾಥಾಂಗ್, ನ್ಯೋಮಾ ದಾಟಿ ಹೋಗಬೇಕು. ಸುಮಾರು 250 ಕಿಲೋಮೀಟರ್. ಪರ್ಮಿಟ್‌ನ ಈಗಿನ ನಿಯಮವನ್ನು ಹೊರಡುವ ಮೊದಲು ಲೇಹ್‌ನಲ್ಲೇ ವಿಚಾರಿಸಿಕೊಳ್ಳಿ. ಲೇಹ್‌ನಲ್ಲಿ ಸುಮ್ನೆ ಮಲಗಿ ಮೈ ಹೊಂದಿಕೊಳ್ಳಲು ಸಮಯ ಕೊಡಿ, ಇಲ್ಲದಿದ್ದರೆ ಹಾನ್ಲೆಯಲ್ಲಿ ತಲೆನೋವಿಗೇ ರಾತ್ರಿ ಹೋಗುತ್ತದೆ.

ಹೋಮ್‌ಸ್ಟೇ ಮನೆ ಚಿಕ್ಕದು, ಅಚ್ಚುಕಟ್ಟು. ಮನೆಯ ಹಿರಿಯರನ್ನು ಎಲ್ಲರೂ ಆಮಾ ಲೇ (ಅಮ್ಮ) ಅಂತ ಕರೆಯುತ್ತಾರೆ, ನಾವೂ ಹಾಗೇ ಕರೆದೆವು. ಅಡುಗೆಮನೆಯ ಬುಖಾರಿ ಒಲೆಯ ಪಕ್ಕ ಕೂರಿಸಿ ಬಿಸಿ ಬಿಸಿ ಥುಕ್ಪಾ (ನೂಡಲ್ಸ್ ಹಾಕಿದ ಸೂಪ್) ಕೊಟ್ಟರು. ಬೆಳಗ್ಗೆ ಖಂಬೀರ್ ರೊಟ್ಟಿ, ಏಪ್ರಿಕಾಟ್ ಜಾಮ್. ಉಪ್ಪು, ಬೆಣ್ಣೆ ಹಾಕಿದ ಗುರ್‌ಗುರ್ ಚಹಾ ತಮ್ಮನಿಗೆ ಸೇರಲಿಲ್ಲ, ನನಗೆ ಬಹಳ ಹಿಡಿಸಿತು. ಹಾಸಿಗೆಯ ಮೇಲೆ ದಪ್ಪ ರಜಾಯಿ ಎರಡೆರಡು. ಒಂದು ಅಂಕ ಕಡಿಮೆ ಯಾಕೆಂದರೆ ಶೌಚಾಲಯ ಮನೆಯ ಹೊರಗೆ, ಅಂಗಳದ ಆ ತುದಿಯಲ್ಲಿ. ರಾತ್ರಿ ನೀರು ಹೆಪ್ಪುಗಟ್ಟುವ ಚಳಿಯಲ್ಲಿ ವಯಸ್ಸಾದವರಿಗೆ ಅದು ತುಂಬಾ ಕಷ್ಟ.

ಈ ಮನೆಯ ಎಲ್ಲ ಕಿಟಕಿಗಳಿಗೂ ದಪ್ಪ ಪರದೆ. ಕತ್ತಲಾದ ಮೇಲೆ ಒಂದು ಗೆರೆ ಬೆಳಕೂ ಹೊರಗೆ ಬೀಳದಂತೆ ನೋಡಿಕೊಳ್ಳುತ್ತಾರೆ. 2022ರಲ್ಲಿ ಇಲ್ಲಿ 1,073 ಚದರ ಕಿಲೋಮೀಟರ್ ಜಾಗವನ್ನು ಡಾರ್ಕ್ ಸ್ಕೈ ರಿಸರ್ವ್, ಅಂದರೆ ರಾತ್ರಿಯ ಕತ್ತಲನ್ನು ಕಾಪಾಡುವ ಪ್ರದೇಶ, ಎಂದು ಘೋಷಿಸಿದ್ದಾರೆ. ಸುತ್ತಲಿನ ಹಳ್ಳಿಗಳ ಇಪ್ಪತ್ತಕ್ಕೂ ಹೆಚ್ಚು ಜನರಿಗೆ ತರಬೇತಿ ಕೊಟ್ಟು, ಟೆಲಿಸ್ಕೋಪ್ ಕೊಟ್ಟು, ಬಂದವರಿಗೆ ಆಕಾಶ ತೋರಿಸುವ 'ಆಸ್ಟ್ರೋ ಅಂಬಾಸಿಡರ್' ಮಾಡಿದ್ದಾರೆ. ನಮಗೆ ಸಿಕ್ಕವಳು ಅವರಲ್ಲಿ ಒಬ್ಬಳು.

ಅಕ್ಟೋಬರ್ 10ರ ಸಂಜೆ ಅವಳು ಎಂಟು ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್ ಅಂಗಳಕ್ಕೆ ತಂದಿಟ್ಟಳು. ಅರ್ಧಚಂದ್ರ ಇನ್ನೂ ಮೇಲಿದ್ದ. ಅವನ ಕುಳಿಗಳನ್ನು ತೋರಿಸಿದಳು, ಆಮೇಲೆ ಶನಿಯನ್ನು. ಉಂಗುರ ಆ ವರ್ಷ ನಮ್ಮ ಕಡೆಗೆ ಅಂಚು ತಿರುಗಿಸಿಕೊಂಡು ತೆಳ್ಳಗೆ ಕಾಣುತ್ತಿತ್ತು. ಯಾಕೆ ಹಾಗೆ ಅಂತ ಕೈಯಲ್ಲಿ ತಟ್ಟೆ ಹಿಡಿದು ವಾಲಿಸಿ ವಿವರಿಸಿದಳು. ಮಧ್ಯೆ ಮಧ್ಯೆ ಫೋನಿನಲ್ಲಿ ಸೌರಬಿರುಗಾಳಿಯ ಸುದ್ದಿ ನೋಡುತ್ತಲೇ ಇದ್ದಳು. ಚಂದ್ರ ಮುಳುಗುವವರೆಗೆ ಮಲಗಬೇಡಿ ಎಂದಳು. ಉತ್ತರ ದಿಕ್ಕಿನ ಬೆಟ್ಟ ತಗ್ಗಾಗಿರುವ ಕಡೆ ನಮ್ಮನ್ನು ಕರೆದುಕೊಂಡು ಹೋದಳು. ಅವಳಿಗೆ ಕೊಟ್ಟ ದುಡ್ಡು ಸಾರ್ಥಕವಾಗಿದ್ದು ಇಲ್ಲೇ. ಸುತ್ತ ಬೆಟ್ಟಗಳಿರುವ ಊರಿನಲ್ಲಿ ಎಲ್ಲಿ ನಿಲ್ಲಬೇಕು ಅನ್ನುವುದು ಊರಿನವರಿಗೇ ಗೊತ್ತು.

ಕೆಂಪು ಬಂತು. ಬರಿಗಣ್ಣಿಗೆ ಬಣ್ಣ ಸರಿಯಾಗಿ ತಿಳಿಯಲಿಲ್ಲ, ದಿಗಂತದ ಮೇಲೆ ಮಂಕಾದ ಹೊಳಪು ಹರಡಿದಂತೆ ಇತ್ತು, ಅಷ್ಟೇ. ಫೋನನ್ನು ಟ್ರೈಪಾಡ್ ಮೇಲಿಟ್ಟು ಕ್ಯಾಮೆರಾದ ಶಟರ್ ಹತ್ತು ಸೆಕೆಂಡ್ ತೆರೆದಿಟ್ಟಾಗ ಪರದೆಯ ಮೇಲೆ ಗಾಢ ಕೆಂಪು. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕೆಂಪು ಬಹಳ ಕಡಿಮೆ ಕಾಣುತ್ತದೆ, ಕ್ಯಾಮೆರಾ ಬೆಳಕನ್ನು ಕೂಡಿಡುತ್ತದೆ. ನಾರ್ವೆಯ ಫೋಟೋಗಳಂತೆ ಹಸಿರು ಯಾಕಿಲ್ಲ ಅಂತ ತಮ್ಮ ಕೇಳಿದ. ಹಸಿರು ಬೆಳಕು ಹುಟ್ಟುವುದು ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ, ಅಷ್ಟು ದೂರದ ಉತ್ತರದಲ್ಲಿ ಅದು ಭೂಮಿಯ ಬಾಗಿನ ಹಿಂದೆ ಅಡಗಿಬಿಡುತ್ತದೆ. ಆಮ್ಲಜನಕದ ಕೆಂಪು ಹುಟ್ಟುವುದು 200 ಕಿಲೋಮೀಟರ್‌ಗಿಂತ ಮೇಲೆ. ಅದು ಮಾತ್ರ ನಮಗೆ ಇಣುಕುತ್ತದೆ. ಇಷ್ಟನ್ನೂ ಆ ಹುಡುಗಿ ಹಿಂದಿಯಲ್ಲಿ, ಚಳಿಗೆ ನಡುಗುತ್ತಿದ್ದ ನಮಗೆ ಅರ್ಥವಾಗುವಂತೆ ಹೇಳಿದಳು. ನಾನು ಅತ್ತುಬಿಟ್ಟೆ. 33 ಡಿಗ್ರಿ ಅಕ್ಷಾಂಶವೂ ಇಲ್ಲದ ಜಾಗದಲ್ಲಿ ನಿಂತು ಅದನ್ನು ನೋಡುವುದು ಸಣ್ಣ ಮಾತಲ್ಲ.

ಹೋಗುವವರಿಗೆ: ಅರೋರಾ ಒಂದಕ್ಕಾಗಿಯೇ ಟಿಕೆಟ್ ಮಾಡಬೇಡಿ. 2003ರ ನಂತರದ ಅತಿ ದೊಡ್ಡ ಮಟ್ಟದ ಸೌರಬಿರುಗಾಳಿ ಬಂದಿದ್ದೇ 2024ರ ಮೇನಲ್ಲಿ, ಅಷ್ಟು ಅಪರೂಪ. ಆದರೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಹೋದರೆ ಆಕಾಶಗಂಗೆ ನೋಡಿಯೇ ಮನಸ್ಸು ತುಂಬುತ್ತದೆ. ಪೋಸ್ಟ್‌ಪೇಯ್ಡ್ ಸಿಮ್ ಬೇಕು, ಹೊರಗಿನ ಪ್ರೀಪೇಯ್ಡ್ ಲಡಾಖ್‌ನಲ್ಲಿ ನಡೆಯುವುದಿಲ್ಲ. ಟಾರ್ಚ್‌ಗೆ ಕೆಂಪು ಕಾಗದ ಸುತ್ತಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಪವರ್ ಬ್ಯಾಂಕನ್ನು ಜಾಕೆಟ್ ಒಳಗಿಡಿ. ಡ್ರೈವರಣ್ಣನಿಗೆ ಮೊದಲೇ ಹೇಳಿ, ಊರೊಳಗೆ ರಾತ್ರಿ ಹೈ ಬೀಮ್ ಹಾಕಬಾರದು. ನಾವು ನಿಂತಿದ್ದಾಗ ಒಂದು ಗಾಡಿ ಹಾಗೆ ಬಂದು, ಕಣ್ಣು ಮತ್ತೆ ಕತ್ತಲಿಗೆ ಹೊಂದಿಕೊಳ್ಳಲು ಅರ್ಧ ಗಂಟೆ ಹಿಡಿಯಿತು.