ಅನಾನ್ಸಿ ಜೇಡನ ಪುಸ್ತಕ: ನಾಲ್ಕು ವರ್ಷ, ಇಬ್ಬರು ಮಕ್ಕಳು, ಒಂದು ಸೆಲ್ಲೋಟೇಪ್ ರೋಲ್

ಈ ಪುಸ್ತಕ ತಗೊಂಡಾಗ ಮಗಳಿಗೆ ನಾಲ್ಕು ವರ್ಷ. ಈಗ ಎಂಟು. ಈ ನಾಲ್ಕು ವರ್ಷದಲ್ಲಿ ಮನೆಗೆ ಬಂದ ಮಕ್ಕಳ ಪುಸ್ತಕಗಳಲ್ಲಿ ಅರ್ಧದಷ್ಟು ಪಕ್ಕದ ಮನೆಗೆ ಹೋದವು, ಕೆಲವು ರದ್ದಿಗೆ ಹೋದವು. ಇದು ಮಾತ್ರ ಇನ್ನೂ ದಿಂಬಿನ ಪಕ್ಕದಲ್ಲೇ ಇದೆ. ಹಾಗಾಗಿ ಒಂದು ವಿಮರ್ಶೆ ಬರೆಯುವಷ್ಟು ಹಕ್ಕು ನನಗೆ ಬಂದಿದೆ ಅಂದುಕೊಂಡಿದ್ದೇನೆ.

ಪುಸ್ತಕದ ಹೆಸರು 'ಅನಾನ್ಸಿ ದ ಸ್ಪೈಡರ್'. ಬರೆದು, ಚಿತ್ರ ಬಿಡಿಸಿದವರು ಅಮೆರಿಕದ ಜೆರಾಲ್ಡ್ ಮ್ಯಾಕ್‌ಡರ್ಮಟ್. ಅವರು ಮೊದಲು ಇದನ್ನು ಅನಿಮೇಷನ್ ಚಿತ್ರವಾಗಿ ಮಾಡಿದ್ದರು, ಆಮೇಲೆ 1972ರಲ್ಲಿ ಪುಸ್ತಕ ಬಂತು. ಮರುವರ್ಷ ಅದಕ್ಕೆ ಕ್ಯಾಲ್ಡೆಕಾಟ್ ಆನರ್ ಸಿಕ್ಕಿತು, ಅಮೆರಿಕದಲ್ಲಿ ಮಕ್ಕಳ ಚಿತ್ರಪುಸ್ತಕಗಳಿಗೆ ಕೊಡುವ ಗೌರವ ಅದು. ಕಥೆ ಮಾತ್ರ ಅವರದ್ದಲ್ಲ. ಪಶ್ಚಿಮ ಆಫ್ರಿಕಾದ ಘಾನಾದಲ್ಲಿರುವ ಅಶಾಂಟಿ ಜನರದ್ದು. ಪುಸ್ತಕ ಇರೋದು ಇಂಗ್ಲಿಷಿನಲ್ಲಿ. ನಾನು ಓದುತ್ತಾ ಓದುತ್ತಾ ಕನ್ನಡ ಮಾಡಿಕೊಂಡು ಹೇಳುತ್ತೇನೆ. ಒಂದೊಂದು ಪುಟಕ್ಕೆ ಎರಡು ಮೂರು ಸಾಲು ಅಷ್ಟೇ, ಅದೇನೂ ಕಷ್ಟವಿಲ್ಲ.

ಹೆಸರುಗಳದ್ದೇ ಮೊದಲ ತಮಾಷೆ. ಮಗಳು ಮೊದಲ ದಿನವೇ 'ಅನಾನಸ್ ಜೇಡ' ಅಂದಳು. ಇವತ್ತಿಗೂ ನಮ್ಮನೆಯಲ್ಲಿ ಅದು ಅನಾನಸ್ ಪುಸ್ತಕವೇ. ನಮ್ಮಮ್ಮ ಕನ್ನಡಕ ಏರಿಸಿ ರಕ್ಷಾಪುಟದ ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಓದಿ, "ಅಶಾಂತಿ ಕಥೆ ಅಂತ ಬರ್ದಿದ್ಯಲ್ಲೋ, ಮಲಗೋ ಹೊತ್ತಲ್ಲಿ ಮಗೂಗೆ ಇದೆಲ್ಲ ಯಾಕೆ?" ಅಂದರು. ಅದು ಒಂದು ಜನಾಂಗದ ಹೆಸರು ಕಣಮ್ಮ ಅಂತ ಹೇಳಿದೆ. ಒಪ್ಪಿಕೊಂಡ ಹಾಗೆ ಕಾಣಲಿಲ್ಲ.

ಕಥೆ ಚಿಕ್ಕದು. ಅನಾನ್ಸಿಗೆ ಆರು ಗಂಡು ಮಕ್ಕಳು. ಒಬ್ಬೊಬ್ಬನಿಗೂ ಒಂದೊಂದೇ ಕೆಲಸ ಬರೋದು, ಅವನ ಹೆಸರೂ ಅದೇ. ಅಪ್ಪ ದೂರ ಹೋಗಿ ದಾರಿ ತಪ್ಪುತ್ತಾನೆ, ಹೊಳೆಗೆ ಬೀಳುತ್ತಾನೆ, ಮೀನು ನುಂಗುತ್ತದೆ. ಕಷ್ಟವನ್ನು ದೂರದಿಂದಲೇ ಕಾಣುವವನಿಗೆ ಅದು ಗೊತ್ತಾಗುತ್ತದೆ. ದಾರಿ ಮಾಡುವವನು ದಾರಿ ಮಾಡುತ್ತಾನೆ. ಹೊಳೆ ಕುಡಿಯುವವನು ಹೊಳೆಯನ್ನೇ ಕುಡಿದುಬಿಡುತ್ತಾನೆ. ಬೇಟೆ ಸುಲಿಯುವವನು ಮೀನು ಸೀಳುತ್ತಾನೆ. ಅಪ್ಪ ಹೊರಗೆ ಬಂದ ಅನ್ನುವಷ್ಟರಲ್ಲಿ ಗಿಡುಗ ಬಂದು ಎತ್ತಿಕೊಂಡು ಹೋಗುತ್ತದೆ. ಕಲ್ಲೆಸೆಯುವವನು ಗಿಡುಗಕ್ಕೆ ಕಲ್ಲು ಹೊಡೆಯುತ್ತಾನೆ. ಆಕಾಶದಿಂದ ಬೀಳುವ ಅಪ್ಪನ ಕೆಳಗೆ ಕೊನೆಯವನು ಮೆತ್ತಗೆ ಮಲಗುತ್ತಾನೆ. ಅವನ ಹೆಸರು ಕುಶನ್. ನಮ್ಮಲ್ಲಿ ಅವನು 'ದಿಂಬಪ್ಪ'.

ನಾಲ್ಕನೆಯವನ ವಿಷಯದಲ್ಲಿ ನಾನು ಎಡವಿದ್ದೆ. ಅವನ ಹೆಸರು ಗೇಮ್ ಸ್ಕಿನ್ನರ್. ಮೊದಲ ರಾತ್ರಿ ನಿದ್ದೆಗಣ್ಣಲ್ಲಿ 'ಆಟದವನು' ಅಂತ ಹೇಳಿಬಿಟ್ಟೆ. ಆಟದವನು ಮೀನಿನ ಹೊಟ್ಟೆ ಯಾಕೆ ಸೀಳಿದ ಅಂತ ಮಗಳು ಕೇಳಿದಾಗಲೇ ತಲೆಗೆ ಹೊಳೆದದ್ದು, ಗೇಮ್ ಅಂದರೆ ಇಲ್ಲಿ ಬೇಟೆಯ ಪ್ರಾಣಿ ಅಂತ. ಓದಿ ಹೇಳುವವರು ಒಂದು ಸಲ ಮೊದಲೇ ಕಣ್ಣಾಡಿಸಿಕೊಳ್ಳಿ.

ಹೊಳೆ ಕುಡಿಯುವ ಪುಟ ಬಂದಾಗ ನಮ್ಮಮ್ಮನಿಗೆ ಕಥೆ ಸ್ವಲ್ಪ ಹತ್ತಿರವಾಯಿತು. "ಅಗಸ್ತ್ಯರು ಸಮುದ್ರ ಕುಡಿದ್ರಲ್ಲ, ಹಂಗೆ" ಅಂದರು. ಮಗಳು, "ಹಂಗಾದ್ರೆ ಇವನು ಕಾವೇರಿನೂ ಕುಡೀತಾನಾ?" ಅಂತ ಕೇಳಿದಳು. ಮೈಸೂರಿನಲ್ಲಿ ಇರುವವರಿಗೆ ಇದು ಸಣ್ಣ ಪ್ರಶ್ನೆ ಅಲ್ಲ. ಆ ವರ್ಷ ಕೆಆರ್‌ಎಸ್ ನೋಡಲು ಹೋದಾಗಲೂ ನೀರಿನ ದಡದಲ್ಲಿ ಅವನನ್ನೇ ಹುಡುಕಿದಳು.

ಅಪ್ಪ ಉಳಿದ ಮೇಲೇ ನಿಜವಾದ ಕಥೆ ಶುರು. ಅವತ್ತು ರಾತ್ರಿ ಅನಾನ್ಸಿಗೆ ಕಾಡಿನಲ್ಲಿ ಬೆಳಕಿನ ಒಂದು ದೊಡ್ಡ ಗುಂಡು ಸಿಗುತ್ತದೆ. ನನ್ನನ್ನು ಉಳಿಸಿದ ಮಗನಿಗೆ ಇದನ್ನು ಕೊಡುತ್ತೇನೆ ಅನ್ನುತ್ತಾನೆ. ಆದರೆ ಯಾವ ಮಗನಿಗೆ? ತೀರ್ಮಾನ ಆಗುವವರೆಗೂ ಇಟ್ಟುಕೊಂಡಿರು ಅಂತ ನ್ಯಾಮೆ ದೇವರ ಕೈಗೆ ಕೊಡುತ್ತಾನೆ. ಅಪ್ಪ ಮಕ್ಕಳು ರಾತ್ರಿಯೆಲ್ಲ ವಾದ ಮಾಡುತ್ತಾರೆ. ಬಗೆಹರಿಯುವುದೇ ಇಲ್ಲ. ನ್ಯಾಮೆ ಆ ಗುಂಡನ್ನು ಆಕಾಶಕ್ಕೆ ತೆಗೆದುಕೊಂಡು ಹೋಗಿ ಅಲ್ಲೇ ಇಟ್ಟುಬಿಡುತ್ತಾನೆ. ಅದೇ ಚಂದ್ರ.

ಇಷ್ಟೇ. ಯಾರಿಗೆ ಸೇರಬೇಕಿತ್ತು ಅಂತ ಪುಸ್ತಕ ಹೇಳುವುದಿಲ್ಲ. ಕೊಟ್ಟ ದುಡ್ಡಿಗೆ ಬಂದ ಲಾಭ ಪೂರ್ತಿ ಇದರಲ್ಲೇ ಇದೆ.

ನಾನು ಚಿಕ್ಕವನಿದ್ದಾಗ ಚಂದಮಾಮದಲ್ಲಿ ಬೇತಾಳನ ಕಥೆ ಓದಿ ಬೆಳೆದವನು. ಈ ಪುಸ್ತಕ ಓದುವಾಗ ಅದರಲ್ಲಿ ಒಂದು ಕಥೆ ನೆನಪಾಗದೇ ಇರಲಿಲ್ಲ. ಒಬ್ಬ ಹುಡುಗಿಯನ್ನು ರಾಕ್ಷಸ ಹೊತ್ತುಕೊಂಡು ಹೋಗುತ್ತಾನೆ. ಮದುವೆಗೆ ಬಂದ ಮೂವರಲ್ಲಿ ಒಬ್ಬ ಅವಳು ಎಲ್ಲಿದ್ದಾಳೆ ಅಂತ ತಿಳಿದು ಹೇಳುತ್ತಾನೆ, ಇನ್ನೊಬ್ಬ ಹಾರುವ ರಥ ಮಾಡುತ್ತಾನೆ, ಮತ್ತೊಬ್ಬ ರಾಕ್ಷಸನನ್ನು ಕೊಲ್ಲುತ್ತಾನೆ. ಅವಳು ಯಾರಿಗೆ ಸೇರಬೇಕು? ಎಲ್ಲೋ ಘಾನಾ, ಎಲ್ಲೋ ನಮ್ಮ ಹುಣಸೆ ಮರದ ಬೇತಾಳ, ಒಗಟು ಮಾತ್ರ ಒಂದೇ. ಆದರೆ ನಮ್ಮಲ್ಲಿ ರಾಜ ಉತ್ತರ ಹೇಳಲೇಬೇಕು, ಇಲ್ಲದಿದ್ದರೆ ತಲೆ ಸಾವಿರ ಹೋಳು. ಕೊಂದವನಿಗೇ ಸೇರಬೇಕು ಅಂತ ರಾಜ ತೀರ್ಪು ಕೊಡುತ್ತಾನೆ. ನನಗೆ ಆಗಲೂ ಅದು ಹಿಡಿಸಿರಲಿಲ್ಲ. ರಥ ಮಾಡಿದವನ ಕಥೆ ಏನು? (ಹುಡುಗಿಯನ್ನು ಯಾರೂ ಕೇಳಲಿಲ್ಲ, ಅದು ಬೇರೆ ಮಾತು.)

ಪಶ್ಚಿಮ ಆಫ್ರಿಕಾದಲ್ಲಿ ಇಂಥ ಕಥೆಗಳು ಬೇಕಾದಷ್ಟಿವೆಯಂತೆ. ಕೊನೆಗೆ ಒಂದು ಪ್ರಶ್ನೆ ಬಿಟ್ಟು ಹೇಳುವವನು ಸುಮ್ಮನಾಗುತ್ತಾನೆ, ಕೇಳುವವರು ಕಿತ್ತಾಡಬೇಕು. ವಿಲಿಯಂ ಬಾಸ್ಕಮ್ ಅನ್ನುವ ವಿದ್ವಾಂಸರು ಆಫ್ರಿಕಾದ ಇಂಥ ಕಥೆಗಳನ್ನೇ ಸೇರಿಸಿ 1975ರಲ್ಲಿ ಒಂದು ಪುಸ್ತಕ ತಂದಿದ್ದಾರೆ. ಅನಾನ್ಸಿಯ ಮಕ್ಕಳ ಕಥೆ ಹಾಗೆ ಕಿತ್ತಾಡಲಿಕ್ಕೇ ಹೇಳಿ ಮಾಡಿಸಿದ್ದು.

ನಮ್ಮನೆಯಲ್ಲಿ ಕಿತ್ತಾಟ ನಾಲ್ಕು ವರ್ಷದಿಂದ ನಡೆದಿದೆ. ಶುರುವಿನಲ್ಲಿ ಮಗಳ ಓಟು ಕಲ್ಲೆಸೆಯುವವನಿಗೆ. ಕಾರಣ ಸರಳ, ಕಲ್ಲು ಎಸೆಯೋದು ಅಂದರೆ ಅವಳಿಗೆ ಇಷ್ಟ. ಆಮೇಲೆ ಒಂದಷ್ಟು ದಿನ ಹೊಳೆ ಕುಡಿಯುವವನು. ಆ ದಿನಗಳಲ್ಲಿ ಲೋಟ ತುಂಬ ಹಾಲು ಕುಡಿಸಲು ನಾವು ಪಟ್ಟ ಕಷ್ಟ ತಪ್ಪಿತು, ಅದಕ್ಕಾದರೂ ಅವನಿಗೆ ನಮಸ್ಕಾರ. ಒಂದನೇ ಕ್ಲಾಸಿಗೆ ಬಂದ ಮೇಲೆ ಒಂದು ರಾತ್ರಿ ಇದ್ದಕ್ಕಿದ್ದ ಹಾಗೆ ಪಕ್ಷ ಬದಲಾಯಿಸಿದಳು. "ಕಷ್ಟ ನೋಡೋನಿಗೇ ಕೊಡ್ಬೇಕು ಅಪ್ಪ. ಅವನು ಹೇಳ್ದೇ ಇದ್ದಿದ್ರೆ ಉಳಿದೋರೆಲ್ಲ ಮನೇಲೇ ಕೂತಿರ್ತಿದ್ರು." ಅವಳ ಅಮ್ಮನ ಓಟು ಯಾವಾಗಲೂ ದಿಂಬಪ್ಪನಿಗೆ. ಎಲ್ಲರೂ ಓಡಾಡಿ ಹೆಸರು ಮಾಡಿಕೊಂಡರು, ಕೊನೆಗೆ ಕೆಳಗೆ ಬಿದ್ದವನ ಭಾರ ಹೊತ್ತವನು ಒಬ್ಬನೇ ಅಂತ ಅವಳ ವಾದ. ಅದನ್ನು ಹೇಳುವಾಗ ನನ್ನ ಕಡೆ ಒಂದು ನೋಟ ಬರುತ್ತದೆ. ನಾನು ಮುಂದಿನ ಪುಟ ತಿರುಗಿಸುತ್ತೇನೆ.

ಹೋದ ತಿಂಗಳು ಮಗಳು ಹೊಸ ತಕರಾರು ತೆಗೆದಳು. "ನ್ಯಾಮೆ ಮೋಸ ಮಾಡಿದ. ಇಟ್ಕೊಂಡಿರು ಅಂತ ಕೊಟ್ರೆ ತಾನೇ ತಗೊಂಡು ಹೋದ. ಬೆಕ್ಕುಗಳ ಬೆಣ್ಣೆ ತಿಂದ ಕೋತಿ ಥರಾನೇ ಅಲ್ವಾ?" ಈ ಪುಸ್ತಕವನ್ನು ನಾನು ನೂರು ಸಲವಾದರೂ ಓದಿರಬೇಕು. ಒಂದು ಸಲವೂ ನನಗೆ ಇದು ಹೊಳೆದಿರಲಿಲ್ಲ. ಆಕಾಶದಲ್ಲಿ ಇಟ್ಟರೆ ಎಲ್ಲರಿಗೂ ಕಾಣುತ್ತಲ್ಲ ಅಂತ ಸಮಜಾಯಿಷಿ ಹೇಳಲು ನೋಡಿದೆ. "ಕಾಣತ್ತೆ, ಆದ್ರೆ ಕೊಡ್ಲಿಲ್ಲ" ಅಂದಳು. ಸುಮ್ಮನಾದೆ.

ಚಿತ್ರಗಳ ಬಗ್ಗೆ ಹೇಳಬೇಕು. ತ್ರಿಕೋನ, ಚೌಕ, ಅಂಕುಡೊಂಕು ಗೆರೆ. ಬಣ್ಣ ಕಣ್ಣಿಗೆ ಹೊಡೆಯುವಷ್ಟು ಗಾಢ. ಮುದ್ದು ಮುಖದ ಪ್ರಾಣಿಗಳನ್ನು ನೋಡಿ ಅಭ್ಯಾಸವಾದ ಕಣ್ಣಿಗೆ ಮೊದಲು ಸ್ವಲ್ಪ ಒರಟು ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಆದರೆ ಮಕ್ಕಳಿಗೆ ಇದರಲ್ಲಿ ಒಂದು ಸುಖವಿದೆ. ಒಬ್ಬೊಬ್ಬ ಮಗನ ಹೊಟ್ಟೆಯ ಮೇಲೂ ಅವನವನ ಕೆಲಸದ ಗುರುತು ಇದೆ. ಅಕ್ಷರ ಬರುವ ಮೊದಲೇ ನಮ್ಮ ಮಗಳು ಆ ಗುರುತು ನೋಡಿ ಹೆಸರು ಹೇಳುತ್ತಿದ್ದಳು. ಅವಳು ಮೊದಲು 'ಓದಿದ' ಪುಸ್ತಕ ಇದೇ ಅನ್ನಬಹುದು. ಅಶಾಂಟಿ ಜನರ ಕೆಂಟೆ ಬಟ್ಟೆಯ ಫೋಟೋ ಆಮೇಲೆ ಒಂದು ದಿನ ಫೋನಿನಲ್ಲಿ ತೋರಿಸಿದೆ. ಅಗಲ ಕಡಿಮೆ ಇರುವ ಪಟ್ಟಿಗಳನ್ನು ನೇಯ್ದು, ಪಕ್ಕಪಕ್ಕ ಇಟ್ಟು ಹೊಲಿದು ಮಾಡುವ ಬಟ್ಟೆ ಅದು. ಕುಮಾಸಿ ಊರಿನ ಹತ್ತಿರದ ಬೊನ್ವಿರೆ ಅದಕ್ಕೆ ಹೆಸರುವಾಸಿ. ಅಲ್ಲಿಯವರು ನೇಯ್ಗೆ ಕಲಿತದ್ದೇ ಜೇಡನ ಬಲೆ ನೋಡಿ ಅಂತ ಒಂದು ಐತಿಹ್ಯವಿದೆ. ಅದನ್ನು ಹೇಳಿ ತಪ್ಪು ಮಾಡಿದೆ. ಆ ಸಲದ ಯುಗಾದಿಗೆ ಮನೆ ಧೂಳು ಹೊಡೆಯುವಾಗ ಬಚ್ಚಲಮನೆ ಮೂಲೆಯ ಬಲೆಗೆ ಪೊರಕೆ ಮುಟ್ಟಿಸಲು ಬಿಡಲಿಲ್ಲ. ಹಬ್ಬದ ದಿನ ಎಣ್ಣೆನೀರು ಹಾಕಿಕೊಂಡದ್ದು ಅನಾನ್ಸಿಯ ಸಮ್ಮುಖದಲ್ಲೇ.

ದೂರುಗಳೂ ಇವೆ.

ಆನ್‌ಲೈನ್‌ನಲ್ಲಿ ತರಿಸಿದ್ದೆ. ಮೊದಲು ಬಂದ ಪ್ರತಿಯ ಮೂಲೆ ಮಡಚಿ, ಒಳಗೆ ತೇವ ಹಿಡಿದಿತ್ತು. ಬದಲಿ ಕೊಡಲು ಎರಡು ವಾರ ಸತಾಯಿಸಿದರು. ಹೊರದೇಶದ ಪುಸ್ತಕವಾದ್ದರಿಂದ ಬೆಲೆಯೂ ಜಾಸ್ತಿ. ಅದೇ ದುಡ್ಡಿಗೆ ಕನ್ನಡದ ಚಿತ್ರಪುಸ್ತಕ ನಾಲ್ಕೈದು ಬರುತ್ತವೆ. ದುಡ್ಡೇ ಹಾಕುವುದು ಬೇಡ ಅನ್ನುವವರಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ನಾವೂ ಓದುತ್ತೇವೆ.

ಇನ್ನೊಂದು, ಈ ಪುಸ್ತಕದಲ್ಲಿ ಅಮ್ಮ ಇಲ್ಲ. "ಇವರಮ್ಮ ಎಲ್ಲಿ?" ಅನ್ನುವ ಪ್ರಶ್ನೆ ಮೂರನೇ ರಾತ್ರಿಯೇ ಬಂತು. ಘಾನಾದ ಕಥೆಗಳಲ್ಲಿ ಅನಾನ್ಸಿಯ ಹೆಂಡತಿ ಅಸೊ ಇದ್ದಾಳೆ, ಗಂಡನಿಗಿಂತ ಚುರುಕು. ಇಲ್ಲಿ ಸುಳಿವೇ ಇಲ್ಲ. ನಾನು ಅವಳನ್ನು ಮನೆಯಲ್ಲಿ ಊಟಕ್ಕೆ ಕಾಯುತ್ತಾ ಕೂರಿಸಿದ್ದೆ. ಮಗಳಿಗೆ ಆರು ತುಂಬಿದ ಮೇಲೆ ಆ ಸುಳ್ಳು ನಡೆಯಲಿಲ್ಲ.

ಮತ್ತೆ ಈ ಅನಾನ್ಸಿ ತುಂಬಾ ಪಾಪದವನು. ಬೀಳುತ್ತಾನೆ, ನುಂಗಿಸಿಕೊಳ್ಳುತ್ತಾನೆ, ಮಕ್ಕಳು ಬಂದು ಎತ್ತಬೇಕು. ಅಸಲಿ ಅನಾನ್ಸಿ ಹಾಗಲ್ಲ, ಪಕ್ಕಾ ಕಿಲಾಡಿ. ಹೆಬ್ಬಾವು, ಚಿರತೆ, ಕಣಜ ಎಲ್ಲವನ್ನೂ ಉಪಾಯದಿಂದ ಹಿಡಿದುಕೊಟ್ಟು ಇದೇ ನ್ಯಾಮೆಯಿಂದ ಲೋಕದ ಕಥೆಗಳನ್ನೆಲ್ಲ ಕೊಂಡುಕೊಂಡವನು. ಗುಲಾಮರಾಗಿ ಸಾಗಿಸಿದ ಜನರ ಜೊತೆ ಕಡಲು ದಾಟಿ ಜಮೈಕಾಕ್ಕೂ ಹೋದವನು. ಆ ಕಥೆಗಳನ್ನು ಆಮೇಲೆ ಹೇಳಿದಾಗ ಮಗಳಿಗೆ ಬೇಜಾರಾಯಿತು. ಬುದ್ಧಿಯನ್ನೆಲ್ಲ ಮಡಕೆಯಲ್ಲಿ ತುಂಬಿ ಬಚ್ಚಿಡಲು ಹೋದ ಕಥೆ ಕೇಳಿದ ಮೇಲೇ ಸಮಾಧಾನ ಆದದ್ದು. ಮಡಕೆ ಹೊಟ್ಟೆಗೆ ಕಟ್ಟಿಕೊಂಡು ಮರ ಹತ್ತಲು ಒದ್ದಾಡುತ್ತಾನೆ, ಬೆನ್ನಿಗೆ ಕಟ್ಟಿಕೋ ಅಪ್ಪ ಅಂತ ಕೆಳಗಿನಿಂದ ಹೇಳುವವನು ಅವನ ಮಗ. "ಅಲ್ಲೂ ಮಕ್ಕಳೇ ಕಾಪಾಡೋದು" ಅಂದಳು.

ಪುಸ್ತಕದ ಸ್ಥಿತಿ ಈಗ ಹೀಗಿದೆ: ರಕ್ಷಾಪುಟ ಎರಡು ಸಲ ಕಿತ್ತು ಬಂದು ಎರಡು ಸಲ ಅಂಟಿದೆ. ಮೀನಿನ ಪುಟದ ಮೇಲೆ ರಾಗಿ ಮಾಲ್ಟ್ ಚೆಲ್ಲಿದ ಕಂದು ಕಲೆ ಇದೆ. ಒಂದು ಪುಟದಲ್ಲಿ ದಿಂಬಪ್ಪನಿಗೆ ಯಾರೋ ಮೀಸೆ ಬರೆದಿದ್ದಾರೆ, ಮನೆಯಲ್ಲಿ ಯಾರೂ ಒಪ್ಪಿಕೊಂಡಿಲ್ಲ. ಹೊಲಿಗೆ ಬಿಗಿಯಾಗಿದೆ, ಹಾಳೆ ಒಂದೂ ಉದುರಿಲ್ಲ. ಇಬ್ಬರು ಮಕ್ಕಳ ಕೈಗೆ ಸಿಕ್ಕ ಪುಸ್ತಕಕ್ಕೆ ಇಷ್ಟು ಸಾಕು.

ಎರಡನೆಯವನು ಮಗ. ಅವನಿಗೆ ಈಗ ನಾಲ್ಕು, ಪುಸ್ತಕ ಅವನ ಪಾಲಿಗೆ ಬಂದಿದೆ. ಈಗ ಓದಿ ಹೇಳುವುದು ನಾನಲ್ಲ, ಅಕ್ಕ. ಮೊನ್ನೆ ಪಕ್ಕದ ರೂಮಿನಿಂದ ಕೇಳಿಸಿಕೊಂಡೆ. ಕಥೆ ಮುಗಿಸಿ, ಚಂದ್ರ ಯಾರಿಗೆ ಸೇರಬೇಕು ಹೇಳು ಅಂತ ಟೀಚರ್ ಥರ ಕೇಳಿದಳು. ಅವನು ಕ್ಷಣವೂ ಯೋಚಿಸದೆ, "ಕಲ್ಲು ಹೊಡಿಯೋನಿಗೆ!" ಅಂದ.

"ಹೂಂ," ಅಂದಳು ಅವಳು. "ಮೊದಮೊದ್ಲು ಹಂಗೇ ಅನ್ಸತ್ತೆ."