ಸಿಕಲ್ ಸೆಲ್ ಮಗುವಿಗೆ ತಿಂಗಳು ತಿಂಗಳು ರಕ್ತವೋ, ದಿನಾ ಮಾತ್ರೆಯೋ?

ಎಚ್.ಡಿ. ಕೋಟೆಯ ತಾಯಿಯೊಬ್ಬರ ಪ್ರಶ್ನೆ: "ಪ್ರತಿ ತಿಂಗಳು ಮೈಸೂರಿಗೆ ಬಂದು ಮಗನಿಗೆ ರಕ್ತ ಹಾಕಿಸ್ಬೇಕಾ, ದಿನಾ ಹೈಡ್ರಾಕ್ಸಿಯೂರಿಯಾ ಮಾತ್ರೆ ಕೊಟ್ರೆ ಸಾಕಾ?"

ಅಕ್ಕಾ, ಸಿಕಲ್ ಸೆಲ್ ಅಂದರೆ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ಬೇಗ ಒಡೆದು ರಕ್ತಹೀನತೆ ತರುವ ಹುಟ್ಟು ಕಾಯಿಲೆ. ಇದರಲ್ಲಿ ಮೊದಲು ಮೆದುಳಿನ ಸ್ಥಿತಿ ನೋಡಬೇಕು. ರಕ್ತಹೀನತೆಯಿದ್ದಾಗ ಆಮ್ಲಜನಕ ಸಾಲದೆ ಮೆದುಳಿಗೆ ರಕ್ತ ಜೋರಾಗಿ ಹರಿಯುತ್ತದೆ. ಬಂದ ರಕ್ತದಿಂದಲೂ ಮೆದುಳು ಹೆಚ್ಚೆಚ್ಚು ಆಮ್ಲಜನಕ ಹೀರಿಕೊಳ್ಳುತ್ತದೆ, ಮೀಸಲು ಉಳಿಯುವುದಿಲ್ಲ. ರಕ್ತ ಹಾಕಿದಾಗ ಈ ಎರಡೂ ಒತ್ತಡ ಇಳಿಯುತ್ತವೆ. ತಲೆಯ ಡಾಪ್ಲರ್ ಸ್ಕ್ಯಾನ್‌ನಲ್ಲಿ ರಕ್ತದ ವೇಗ ಸೆಕೆಂಡಿಗೆ 200 ಸೆಂ.ಮೀ. ಮುಟ್ಟಿದರೆ ಪಾರ್ಶ್ವವಾಯುವಿನ ಅಪಾಯ ದೊಡ್ಡದು. ಅಂಥ ಮಕ್ಕಳಿಗೆ ನಿಯಮಿತವಾಗಿ ರಕ್ತ ಕೊಟ್ಟರೆ ಆ ಅಪಾಯ ಸುಮಾರು 90% ತಗ್ಗುತ್ತದೆಂದು 1998ರ ಅಮೆರಿಕದ ಅಧ್ಯಯನ ತೋರಿಸಿತು. ಈಗಾಗಲೇ ಒಮ್ಮೆ ಪಾರ್ಶ್ವವಾಯು ಆದ ಮಗುವಿಗೂ, ರಕ್ತ ಸಿಗುವಂತಿದ್ದರೆ, ಇದೇ ದಾರಿ.

ಆದರೆ ಮೂರು-ನಾಲ್ಕು ವಾರಕ್ಕೊಮ್ಮೆ ಬಸ್ಸು ಹತ್ತಬೇಕು, ಕೂಲಿ ತಪ್ಪುತ್ತದೆ. ವರ್ಷಗಟ್ಟಲೆ ರಕ್ತ ಹಾಕಿಸಿದರೆ ಯಕೃತ್ತಿನಲ್ಲಿ, ಹೃದಯದಲ್ಲಿ ಕಬ್ಬಿಣ ಸೇರುತ್ತದೆ. ಅದನ್ನು ಇಳಿಸಲು ಬೇರೆ ಔಷಧಿ ಬೇಕು.

ಡಾಪ್ಲರ್ ಸರಿಯಿದ್ದು, ಮೈಕೈ ನೋವೇ ಪದೇ ಪದೇ ಕಾಡುತ್ತಿದ್ದರೆ ಹೈಡ್ರಾಕ್ಸಿಯೂರಿಯಾ ವಾಸಿ. ಅದು ಭ್ರೂಣದ ಹಿಮೋಗ್ಲೋಬಿನ್ (ಮಗು ಹೊಟ್ಟೆಯಲ್ಲಿದ್ದಾಗ ರಕ್ತದಲ್ಲಿರುವ, ಆಮ್ಲಜನಕ ಒಯ್ಯುವ ಅಂಶ) ಹೆಚ್ಚಿಸಿ ಕಣಗಳು ಕುಡುಗೋಲಿನಂತೆ ಬಾಗುವುದನ್ನು ಕಡಿಮೆ ಮಾಡುತ್ತದೆ. ಬಿಳಿ ರಕ್ತಕಣ ಇಳಿಯಬಹುದು, ಹಾಗಾಗಿ ರಕ್ತಪರೀಕ್ಷೆ ಬಿಡುವಂತಿಲ್ಲ.

ಡಾಪ್ಲರ್ ವೇಗ ಹೆಚ್ಚಿದ್ದ ಮಗು ವರ್ಷವಾದರೂ ರಕ್ತ ಪಡೆದು, ಮೆದುಳಿನ ರಕ್ತನಾಳ ತೀರಾ ಕಿರಿದಾಗಿಲ್ಲದಿದ್ದರೆ ಮಾತ್ರೆಗೆ ಬದಲಾಗಬಹುದು. ಆಗಲೂ ರಕ್ತವನ್ನು ಒಮ್ಮೆಲೇ ನಿಲ್ಲಿಸಬೇಡಿ; ಮಾತ್ರೆ ಪೂರ್ತಿ ಹಿಡಿಯುವವರೆಗೆ ವೈದ್ಯರು ಎರಡನ್ನೂ ಜೊತೆಗೆ ನಡೆಸುತ್ತಾರೆ.